ವಸ್ತುಗಳ ಅಂತರಜಾಲದ ತಂತ್ರಾಂಶ ಸಂರಚನೆ

ವಸ್ತುಗಳ ಅಂತರಜಾಲದ ತಂತ್ರಾಂಶ ಸಂರಚನೆ ಎಂದರೆ ಬೇರೆ ಬೇರೆ ತಯಾರಕರು ಬೇರೆ ಬೇರೆ ಕಾಲದಲ್ಲಿ ತಯಾರಿಸಿದ, ಜಾಲಕ್ಕೆ ಸೇರಿದ ಸಾಧನಗಳನ್ನು ಒಂದೇ ವ್ಯವಸ್ಥೆಯಾಗಿ ದುಡಿಸಲು ಬೇಕಾದ ತಂತ್ರಾಂಶದ ಒಟ್ಟು ವಿನ್ಯಾಸ. ನೀರಿನ ಮೀಟರು, ಬೀದಿದೀಪ, ವಾಯುಮಾಲಿನ್ಯ ಮಾಪಕ, ಬಸ್ಸಿನಲ್ಲಿರುವ ಜಿಪಿಎಸ್ ಉಪಕರಣ, ಮನೆಯ ವಿದ್ಯುತ್ ಮೀಟರು ಮುಂತಾದವು ಈ ಸಾಧನಗಳಿಗೆ ಉದಾಹರಣೆಗಳು. ಸಾಧನದಿಂದ ಬರುವ ಅಂಕಿ ಯಾವ ದಾರಿಯಲ್ಲಿ ಸಾಗಬೇಕು, ಅದರ ಅರ್ಥವನ್ನು ಯಾರು ನಿಗದಿಪಡಿಸಬೇಕು, ಅದನ್ನು ಓದುವ ಹಕ್ಕು ಯಾರಿಗಿದೆ ಎಂಬ ಮೂರು ಪ್ರಶ್ನೆಗಳಿಗೆ ಈ ವಿನ್ಯಾಸವು ಉತ್ತರ ಕೊಡುತ್ತದೆ. ಮೊದಲನೆಯ ಪ್ರಶ್ನೆಗೆ ತಂತ್ರಜ್ಞಾನವು ಬಹುಮಟ್ಟಿಗೆ ಪರಿಹಾರ ಕಂಡುಕೊಂಡಿದೆ. ಉಳಿದ ಎರಡು ಪ್ರಶ್ನೆಗಳು ಇಂದಿಗೂ ಕಷ್ಟದವಾಗಿವೆ.

‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂಬ ಹೆಸರನ್ನು 1999ರಲ್ಲಿ ಕೆವಿನ್ ಆಶ್ಟನ್ ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ವಸ್ತುಗಳ ಅಂತರಜಾಲ ಎಂದೂ ಸಂಕ್ಷಿಪ್ತವಾಗಿ ಐಒಟಿ ಎಂದೂ ಕರೆಯಲಾಗುತ್ತದೆ.

ಸಮಸ್ಯೆಯ ಸ್ವರೂಪ

ಹುಬ್ಬಳ್ಳಿಯ ಗೋಪನಕೊಪ್ಪದಂತಹ ಒಂದು ಬಡಾವಣೆಯನ್ನು ಕಲ್ಪಿತ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ನೀರಿನ ಮೇಲ್ತೊಟ್ಟಿಯ ಮಟ್ಟವನ್ನು ಅಳೆಯುವ ಸಂವೇದಕ, ಮನೆಗಳ ನೀರಿನ ಮೀಟರು, ವಿದ್ಯುತ್ ಮೀಟರು, ಬೀದಿದೀಪದ ನಿಯಂತ್ರಕ ಮತ್ತು ಮಳೆಮಾಪಕ ಎಂಬ ಐದು ಬಗೆಯ ಸಾಧನಗಳಿವೆ ಎಂದಿಟ್ಟುಕೊಳ್ಳೋಣ. ಇವುಗಳ ಮಾಹಿತಿಯು ಬಿಲ್ ತಯಾರಿಸುವ ತಂತ್ರಾಂಶ, ದೂರು ದಾಖಲಿಸುವ ತಂತ್ರಾಂಶ, ಎಂಜಿನಿಯರರ ನಕ್ಷೆ ಹಾಗೂ ನಾಗರಿಕರ ಮೊಬೈಲ್ ಆ್ಯಪ್ ಎಂಬ ನಾಲ್ಕು ಕಡೆ ಬೇಕಾಗುತ್ತದೆ. ಪ್ರತಿಯೊಂದು ಸಾಧನವನ್ನೂ ಪ್ರತಿಯೊಂದು ತಂತ್ರಾಂಶಕ್ಕೆ ನೇರವಾಗಿ ಜೋಡಿಸಿದರೆ 5ನ್ನು 4ರಿಂದ ಗುಣಿಸಿದಷ್ಟು, ಅಂದರೆ 20 ಜೋಡಣೆಗಳನ್ನು ಬರೆಯಬೇಕು. ಎಲ್ಲವೂ ಒಂದು ಸಾಮಾನ್ಯ ಮಧ್ಯಸ್ತರದ ಮೂಲಕ ಹಾದುಹೋದರೆ 9 ಜೋಡಣೆಗಳು ಸಾಕು. ಸಾಧನದ ಬಗೆಗಳು 20 ಮತ್ತು ತಂತ್ರಾಂಶಗಳು 10 ಆದಾಗ ಈ ವ್ಯತ್ಯಾಸವು 200 ಮತ್ತು 30ರ ನಡುವಿನದಾಗುತ್ತದೆ. ಮಧ್ಯಸ್ತರದ ಅಗತ್ಯವನ್ನು ಮನವರಿಕೆ ಮಾಡಿಕೊಡಲು ಈ ಲೆಕ್ಕವೊಂದೇ ಸಾಕು.

ಆದರೂ ಬಹುಪಾಲು ಯೋಜನೆಗಳು ನೇರ ಜೋಡಣೆಯಿಂದಲೇ ಆರಂಭವಾಗುತ್ತವೆ. ನೀರಿನ ಗುತ್ತಿಗೆ ಒಂದು ಇಲಾಖೆಯದು, ದೀಪದ ಗುತ್ತಿಗೆ ಮತ್ತೊಂದರದು, ಎರಡಕ್ಕೂ ಹಣ ಬಂದ ವರ್ಷವೂ ಬೇರೆ. ಪ್ರತಿ ಗುತ್ತಿಗೆದಾರನೂ ತನ್ನ ಸಂವೇದಕ, ತನ್ನ ಸರ್ವರ್ ಮತ್ತು ತನ್ನ ಪರದೆಯನ್ನು ಒಟ್ಟಿಗೇ ಒದಗಿಸುತ್ತಾನೆ. ಒಂದರ ಪಕ್ಕದಲ್ಲೊಂದು ನಿಂತಿದ್ದರೂ ಪರಸ್ಪರ ಮಾತನಾಡದ ಇಂತಹ ವ್ಯವಸ್ಥೆಗಳನ್ನು ತಂತ್ರಜ್ಞರು ಧಾನ್ಯದ ಕಣಜಗಳಿಗೆ ಹೋಲಿಸುತ್ತಾರೆ.

ಹುಬ್ಬಳ್ಳಿ–ಧಾರವಾಡದ ವಾಲ್ವ್‌ಮನ್ ವ್ಯವಸ್ಥೆ

ಸಂವೇದಕಗಳು ಅಗ್ಗವಾಗುವ ಮೊದಲೇ ಇಂತಹ ಸಂರಚನೆಯ ಒಂದು ಪ್ರಯೋಗ ಹುಬ್ಬಳ್ಳಿ–ಧಾರವಾಡದಲ್ಲಿ ನಡೆದಿತ್ತು. ಅವಳಿ ನಗರಕ್ಕೆ ಮುಖ್ಯವಾಗಿ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆ. ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ನಗರ ನೀರು ಸರಬರಾಜು ಸುಧಾರಣಾ ಯೋಜನೆಯಡಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಲಯಗಳಲ್ಲಿ 2008ರ ವೇಳೆಗೆ ದಿನದ 24 ಗಂಟೆಯೂ ನೀರು ಹರಿಯತೊಡಗಿತು. ಪ್ರಾಯೋಗಿಕ ವಲಯಗಳ ಹೊರಗಿನ ಬಡಾವಣೆಗಳಲ್ಲಿ ಮಾತ್ರ ನೀರು ಕೆಲವು ದಿನಗಳಿಗೊಮ್ಮೆ, ಕೆಲವು ಗಂಟೆಗಳ ಕಾಲ ಬರುವ ಪದ್ಧತಿ ಮುಂದುವರಿಯಿತು. ಯಾವ ಬೀದಿಗೆ ಯಾವಾಗ ನೀರು ಎಂಬುದು ಕೀಲಿ ಹಿಡಿದು ಬೀದಿ ಬೀದಿ ತಿರುಗುವ ವಾಲ್ವ್‌ಮನ್‌ಗೆ ಗೊತ್ತಿರುತ್ತಿತ್ತು. ಕೊಡ ಹಿಡಿದು ಕಾಯುವವರಿಗೆ ಗೊತ್ತಿರುತ್ತಿರಲಿಲ್ಲ. ಕೂಲಿ ಬಿಟ್ಟು ಮನೆಯಲ್ಲಿ ಕುಳಿತರೂ ನೀರು ಬಾರದಿದ್ದರೆ ಆ ದಿನದ ಸಂಬಳವೂ ಇಲ್ಲ, ನೀರೂ ಇಲ್ಲ.

ಈ ಅಂತರವನ್ನು ತುಂಬಲು ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆಯು 2010–11ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡದಲ್ಲಿ ಕೆಲಸ ಆರಂಭಿಸಿತು. ವಾಲ್ವ್‌ಮನ್ ತನ್ನ ಸಾಮಾನ್ಯ ಮೊಬೈಲ್‌ನಿಂದ ಧ್ವನಿಮುದ್ರಿತ ಸೂಚನೆಗಳ ಒಂದು ದೂರವಾಣಿ ವ್ಯವಸ್ಥೆಗೆ ಕರೆ ಮಾಡಿ ಯಾವ ವಾಲ್ವ್ ತೆರೆಯುತ್ತಿದ್ದಾನೆ ಎಂಬುದನ್ನು ತಿಳಿಸುತ್ತಿದ್ದ. ಆ ವಾಲ್ವ್‌ಗೆ ಸೇರಿದ ಮನೆಗಳಿಗೆ ನೀರು ಬರುವ ಮುನ್ನ ಎಸ್ಎಂಎಸ್ ಹೋಗುತ್ತಿತ್ತು. ಈ ಪ್ರಯತ್ನಕ್ಕೆ 2011ರಲ್ಲಿ ಅಮೆರಿಕದ ನೈಟ್ ನ್ಯೂಸ್ ಚಾಲೆಂಜ್ ಪ್ರಶಸ್ತಿ ದೊರೆಯಿತು. ಮುಂದೆ ಸಂಸ್ಥೆಯು ಬೆಂಗಳೂರಿಗೂ ವಿಸ್ತರಿಸಿತು.

ತಂತ್ರಾಂಶ ಸಂರಚನೆಯ ದೃಷ್ಟಿಯಿಂದ ನೋಡಿದರೆ ಈ ವ್ಯವಸ್ಥೆಯಲ್ಲಿ ಇಂದಿನ ಐಒಟಿಯ ಎಲ್ಲ ಅಂಗಗಳೂ ಇದ್ದವು. ವಾಲ್ವ್‌ಮನ್ ಸಂವೇದಕದ ಸ್ಥಾನದಲ್ಲಿದ್ದ. ಮೊಬೈಲ್ ಜಾಲವು ಸಾಗಣೆಯ ದಾರಿಯಾಗಿತ್ತು. ಯಾವ ವಾಲ್ವ್‌ಗೆ ಯಾವ ಮನೆಗಳು ಸೇರುತ್ತವೆ ಎಂಬ ಪಟ್ಟಿಯು ಅರ್ಥದ ಕೋಶವಾಗಿತ್ತು. ಎಸ್ಎಂಎಸ್ ಪಡೆಯುವ ಮನೆಗಳು ಚಂದಾದಾರರಾಗಿದ್ದವು. ಇವುಗಳಲ್ಲಿ ಅತಿ ಹೆಚ್ಚು ಶ್ರಮ ಬೇಡಿದ್ದು ಪಟ್ಟಿ ಎಂದು ಊಹಿಸುವುದು ಕಷ್ಟವಲ್ಲ. ಕೊಳವೆಗಳ ನಕ್ಷೆ ಕಚೇರಿಯ ಕಾಗದದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಹಿರಿಯ ವಾಲ್ವ್‌ಮನ್‌ಗಳ ನೆನಪಿನಲ್ಲಿ ಇರುವುದು ನಮ್ಮ ನಗರಗಳಲ್ಲಿ ಸಾಮಾನ್ಯ ಸಂಗತಿ.

ಬೆಂಗಳೂರಿನಲ್ಲಿ ಇದೇ ಸೇವೆಯ ಬಗ್ಗೆ ನಡೆದ ಕ್ಷೇತ್ರಾಧ್ಯಯನವೊಂದು 2018ರಲ್ಲಿ ‘ವರ್ಲ್ಡ್ ಡೆವಲಪ್‌ಮೆಂಟ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮಾಹಿತಿಯು ಮೂಲದಿಂದ ಮನೆಯವರೆಗೆ ಸಾಗುವ ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತದೆ, ಎಲ್ಲೆಲ್ಲಿ ತಡೆಯುತ್ತದೆ ಎಂಬುದನ್ನು ಅದು ಪರಿಶೀಲಿಸಿತು. ವಾಲ್ವ್‌ಮನ್‌ಗಳಿಂದ ವರದಿ ನಿಯಮಿತವಾಗಿ ಬಾರದಿದ್ದುದು ಅಂತಹ ತಡೆಗಳಲ್ಲಿ ಒಂದಾಗಿತ್ತು. ಯಂತ್ರ ಸಂವೇದಕಗಳಿಗೂ ಈ ಮಾತು ಅನ್ವಯಿಸುತ್ತದೆ. ಬ್ಯಾಟರಿ ಮುಗಿದ ಸಂವೇದಕವೂ ವರದಿ ಮಾಡುವುದಿಲ್ಲ. ಅದು ಸುಮ್ಮನಿರುವುದಕ್ಕೆ ಕಾರಣ ನೀರಿಲ್ಲದಿರುವುದೋ ಬ್ಯಾಟರಿ ಇಲ್ಲದಿರುವುದೋ ಎಂಬುದನ್ನು ತಿಳಿಯುವ ಏರ್ಪಾಡು ಸಂರಚನೆಯಲ್ಲಿಯೇ ಇರಬೇಕಾಗುತ್ತದೆ.

ಪದರಗಳು

ಐಒಟಿ ಸಂರಚನೆಯನ್ನು ಸಾಮಾನ್ಯವಾಗಿ ಪದರಗಳಾಗಿ ವಿವರಿಸಲಾಗುತ್ತದೆ. ಕೆಳಗಡೆ ಸಾಧನಗಳ ಪದರ, ಅದರ ಮೇಲೆ ಜಾಲದ ಪದರ, ನಂತರ ಮಧ್ಯಸ್ತರ, ತುದಿಯಲ್ಲಿ ಅನ್ವಯಿಕ ತಂತ್ರಾಂಶ. ಪದರಗಳ ಸಂಖ್ಯೆ ಮೂರೋ ಐದೋ ಏಳೋ ಎಂಬುದು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಬದಲಾಗುತ್ತದೆ; ಅದಕ್ಕೆ ಹೆಚ್ಚಿನ ಮಹತ್ವವಿಲ್ಲ. ಒಂದು ಪದರವನ್ನು ಬದಲಿಸಿದಾಗ ಇನ್ನೊಂದನ್ನು ಮುಟ್ಟಬೇಕಾಗಿ ಬರಬಾರದು ಎಂಬುದೇ ಈ ವಿಂಗಡಣೆಯ ಉದ್ದೇಶ.

ಸಾಧನ ಮತ್ತು ಮಧ್ಯಸ್ತರದ ನಡುವೆ ಹೆಚ್ಚಾಗಿ ಗೇಟ್‌ವೇ ಎಂಬ ಸಣ್ಣ ಕಂಪ್ಯೂಟರ್ ಇರುತ್ತದೆ. ಪಂಪ್‌ಹೌಸ್‌ಗಳಲ್ಲಿರುವ ಹಲವು ಉಪಕರಣಗಳು ಇಂದಿಗೂ 1979ರಲ್ಲಿ ಮೋಡಿಕಾನ್ ಕಂಪನಿಯು ರೂಪಿಸಿದ ಮೋಡ್‌ಬಸ್ ಎಂಬ ಪ್ರೋಟೋಕಾಲ್‌ನಲ್ಲಿಯೇ ವ್ಯವಹರಿಸುತ್ತವೆ. ಮೋಡ್‌ಬಸ್‌ನಲ್ಲಿ ಅಳತೆಯ ಮೌಲ್ಯವು ಸಾಮಾನ್ಯವಾಗಿ 16 ಬಿಟ್ ಅಗಲದ, ಕೇವಲ ಸಂಖ್ಯೆಯಿಂದ ಗುರುತಿಸಲ್ಪಡುವ ಒಂದು ಕೋಶದಲ್ಲಿ ಇರುತ್ತದೆ. ಆ ಕೋಶದಲ್ಲಿರುವುದು ಒತ್ತಡವೋ ಹರಿವೋ, ಅದರ ಮಾನ ಯಾವುದು ಎಂಬುದನ್ನು ಪ್ರೋಟೋಕಾಲ್ ಹೇಳುವುದಿಲ್ಲ; ತಯಾರಕರ ಕೈಪಿಡಿ ಹೇಳುತ್ತದೆ. ದಶಮಾಂಶ ಸಂಖ್ಯೆಯನ್ನು ಎರಡು ಕೋಶಗಳಲ್ಲಿ ಹಂಚಿ ಇಟ್ಟಾಗ ಯಾವ ಅರ್ಧ ಮೊದಲು ಎಂಬುದೂ ತಯಾರಕನಿಂದ ತಯಾರಕನಿಗೆ ಬೇರೆಯಾಗುತ್ತದೆ. ಕೈಪಿಡಿ ಕಳೆದುಹೋದರೆ ಅಂಕಿಗಳು ಬರುತ್ತಲೇ ಇರುತ್ತವೆ, ಅವುಗಳ ಅರ್ಥ ಮಾತ್ರ ಇರುವುದಿಲ್ಲ. ಇಂತಹ ಕೋಶಗಳನ್ನು ಓದಿ, ಹೆಸರು ಹಾಗೂ ಮಾನವನ್ನು ಸೇರಿಸಿ ಮೇಲಕ್ಕೆ ಕಳುಹಿಸುವುದು ಗೇಟ್‌ವೇಯ ಕೆಲಸ. ಸಂಪರ್ಕ ಕಡಿದಾಗ ಅಂಕಿಗಳನ್ನು ತನ್ನಲ್ಲಿ ಕೂಡಿಟ್ಟುಕೊಂಡು ನಂತರ ಕಳುಹಿಸುವ ಹೊಣೆಯನ್ನೂ ಅದು ಹೊರುತ್ತದೆ.

ಜಾಲದ ಪದರದಲ್ಲಿ ದೂರ, ವೇಗ ಮತ್ತು ವಿದ್ಯುತ್ ಬಳಕೆಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಮನೆಯೊಳಗೆ ವೈಫೈ ಮತ್ತು ಜಿಗ್‌ಬೀ ಬಳಕೆಯಲ್ಲಿವೆ. ಹಲವು ಕಿಲೋಮೀಟರ್ ದೂರಕ್ಕೆ ಅಲ್ಪ ಮಾಹಿತಿಯನ್ನು ಕಡಿಮೆ ವಿದ್ಯುತ್ತಿನಲ್ಲಿ ಕಳುಹಿಸಲು ಲೋರಾವ್ಯಾನ್ ಸೂಕ್ತವಾಗಿದ್ದು, ಭಾರತದಲ್ಲಿ ಇದಕ್ಕೆ ಪರವಾನಗಿ ಬೇಡದ 865 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಪಟ್ಟಿಯನ್ನು ಬಳಸಲಾಗುತ್ತದೆ.

ಸಂದೇಶಗಳ ವಿನಿಮಯ

ಮಧ್ಯಸ್ತರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಪ್ರಕಟಣೆ–ಚಂದಾ ಪದ್ಧತಿ. ಪತ್ರಿಕೆಯ ಮುದ್ರಣಾಲಯಕ್ಕೆ ಓದುಗರ ಮನೆಯ ವಿಳಾಸ ಗೊತ್ತಿರಬೇಕಾಗಿಲ್ಲ, ಓದುಗರಿಗೆ ಮುದ್ರಣಾಲಯದ ದಾರಿ ಗೊತ್ತಿರಬೇಕಾಗಿಲ್ಲ. ನಡುವೆ ಒಬ್ಬ ಏಜೆಂಟ್ ಇದ್ದರೆ ಸಾಕು. ಐಒಟಿಯಲ್ಲಿ ಈ ಏಜೆಂಟನನ್ನು ಬ್ರೋಕರ್ ಎನ್ನುತ್ತಾರೆ. ಸಾಧನವು ಒಂದು ವಿಷಯದ ಹೆಸರಿನಲ್ಲಿ ಸಂದೇಶವನ್ನು ಪ್ರಕಟಿಸುತ್ತದೆ, ಆ ವಿಷಯಕ್ಕೆ ಚಂದಾದಾರರಾದ ಎಲ್ಲ ತಂತ್ರಾಂಶಗಳಿಗೂ ಬ್ರೋಕರ್ ಅದನ್ನು ತಲುಪಿಸುತ್ತದೆ. ಹೊಸ ತಂತ್ರಾಂಶವೊಂದು ಸೇರಿದಾಗ ಸಾಧನಗಳಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಈ ಪದ್ಧತಿಯ ಅತಿ ಪ್ರಸಿದ್ಧ ಪ್ರೋಟೋಕಾಲ್ ಎಂಕ್ಯೂಟಿಟಿ. ಐಬಿಎಂನ ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅವರು 1999ರಲ್ಲಿ ತೈಲದ ಕೊಳವೆಮಾರ್ಗಗಳನ್ನು ಉಪಗ್ರಹದ ಮೂಲಕ ಗಮನಿಸುವುದಕ್ಕಾಗಿ ಇದನ್ನು ರೂಪಿಸಿದರು. ಉಪಗ್ರಹ ಸಂಪರ್ಕದ ವೆಚ್ಚ ಹೆಚ್ಚಾಗಿದ್ದುದರಿಂದ ಸಂದೇಶದ ಕಡ್ಡಾಯ ಶಿರೋಭಾಗವನ್ನು ಕನಿಷ್ಠ 2 ಬೈಟ್‌ಗೆ ಇಳಿಸಲಾಯಿತು. ಇದರ 3.1.1ನೆಯ ಆವೃತ್ತಿಯು 2014ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾಯಿತು, 5.0 ಆವೃತ್ತಿ 2019ರಲ್ಲಿ ಬಂದಿತು.

ಎಂಕ್ಯೂಟಿಟಿಯಲ್ಲಿ ವಿಷಯದ ಹೆಸರು ‘ಹುಬ್ಬಳ್ಳಿ/ಗೋಪನಕೊಪ್ಪ/ನೀರು/ತೊಟ್ಟಿ-1/ಮಟ್ಟ’ ಎಂಬಂತೆ ಗೆರೆಗಳಿಂದ ವಿಭಜಿತವಾಗಿರುತ್ತದೆ. ಹೆಸರುಗಳು ಯೂನಿಕೋಡ್‌ನಲ್ಲಿ ಇರುವುದರಿಂದ ಅವನ್ನು ಕನ್ನಡದಲ್ಲಿಯೇ ಬರೆಯಲು ತಾಂತ್ರಿಕ ಅಡ್ಡಿಯಿಲ್ಲ. ‘ಹುಬ್ಬಳ್ಳಿ/+/ನೀರು/#’ ಎಂದು ಚಂದಾ ಕೋರಿದರೆ ಎಲ್ಲ ಬಡಾವಣೆಗಳ ನೀರಿನ ಮಾಹಿತಿಯೂ ಬರುತ್ತದೆ. ಸಂದೇಶವನ್ನು ಒಮ್ಮೆ ಕಳುಹಿಸಿ ಸುಮ್ಮನಾಗುವ, ತಲುಪಿದ ಉತ್ತರ ಬರುವವರೆಗೂ ಮತ್ತೆ ಮತ್ತೆ ಕಳುಹಿಸುವ, ನಿಖರವಾಗಿ ಒಂದೇ ಬಾರಿ ತಲುಪಿಸುವ ಮೂರು ಹಂತದ ಭರವಸೆಗಳನ್ನು ಇದು ಕೊಡುತ್ತದೆ. ಇದರಲ್ಲಿರುವ ‘ಕೊನೆಯ ಉಯಿಲು’ ಎಂಬ ಏರ್ಪಾಡು ವಿಶೇಷ ಗಮನಕ್ಕೆ ಅರ್ಹವಾದುದು. ಸಾಧನವು ಸಂಪರ್ಕ ಪಡೆಯುವಾಗಲೇ ‘ನಾನು ಹೇಳದೆ ಮರೆಯಾದರೆ ಈ ಸಂದೇಶವನ್ನು ಪ್ರಕಟಿಸು’ ಎಂದು ಬ್ರೋಕರ್‌ಗೆ ಉಯಿಲು ಬರೆದುಕೊಡುತ್ತದೆ. ಮೇಲೆ ಹೇಳಿದ, ಮೌನವಾಗಿರುವ ಸಂವೇದಕದ ಸಮಸ್ಯೆಗೆ ಇದು ಒಂದು ಉತ್ತರ.

ಅತಿ ಸಣ್ಣ ಸಾಧನಗಳಿಗಾಗಿ, ವೆಬ್‌ನಂತೆಯೇ ಪ್ರಶ್ನೆ–ಉತ್ತರದ ಮಾದರಿಯಲ್ಲಿ ಕೆಲಸ ಮಾಡುವ ಕೋಆಪ್ ಎಂಬ ಪ್ರೋಟೋಕಾಲ್ 2014ರಲ್ಲಿ ಮಾನಕಗೊಂಡಿತು.

ಅರ್ಥದ ಒಪ್ಪಂದ

ಸಂದೇಶ ತಲುಪುವುದು ಒಂದು, ಅದು ಅರ್ಥವಾಗುವುದು ಇನ್ನೊಂದು. ‘ಮಟ್ಟ 3’ ಎಂಬ ಸಂದೇಶದಲ್ಲಿ 3 ಎಂಬುದು ಮೀಟರೋ ಅಡಿಯೋ, ತೊಟ್ಟಿಯ ತಳದಿಂದ ಮೇಲಕ್ಕೋ ಬಾಯಿಯಿಂದ ಕೆಳಕ್ಕೋ ಎಂಬುದು ತಿಳಿಯದಿದ್ದರೆ ತುಂಬಿದ ತೊಟ್ಟಿಯೂ ಖಾಲಿಯೆಂದು ಕಾಣಬಹುದು. 1999ರಲ್ಲಿ ನಾಸಾದ ಮಂಗಳ ಹವಾಮಾನ ಪರಿಭ್ರಮಕವು ನಾಶವಾದುದಕ್ಕೆ ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಮಾನವೆಂದು ತಿಳಿದದ್ದು ಕಾರಣವಾಗಿತ್ತು.

ಸಮಯದ ವಿಷಯದಲ್ಲಿಯೂ ಇದೇ ಅಪಾಯವಿದೆ. ಒಂದು ವ್ಯವಸ್ಥೆ ಭಾರತೀಯ ಕಾಲಮಾನದ 6.30 ಎಂದು ಬರೆದದ್ದನ್ನು ಇನ್ನೊಂದು ಜಾಗತಿಕ ಕಾಲಮಾನವೆಂದು ಓದಿದರೆ ಐದೂವರೆ ಗಂಟೆಯ ವ್ಯತ್ಯಾಸ ಸೇರಿಕೊಂಡು, ಬೆಳಿಗ್ಗೆ ಆರೂವರೆಗೆ ಬರುವ ನೀರು ಮಧ್ಯಾಹ್ನ ಹನ್ನೆರಡಕ್ಕೆ ಬರುವುದೆಂದು ಸಂದೇಶ ಹೋಗುತ್ತದೆ.

ಸ್ಥಳನಾಮಗಳು ಇನ್ನೂ ಹೆಚ್ಚಿನ ತೊಡಕನ್ನು ತರುತ್ತವೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದಾಗ ಹುಬ್ಳಿ ಎಂದಿದ್ದುದು ಹುಬ್ಬಳ್ಳಿಯಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ರೂಪ, ಹೊಸವುಗಳಲ್ಲಿ ಹೊಸ ರೂಪ ಇರುವಾಗ ಯಂತ್ರಕ್ಕೆ ಅವು ಎರಡು ಊರುಗಳು. ರೋಮನ್ ಲಿಪಿಯಲ್ಲಿ ಗೋಪನಕೊಪ್ಪವನ್ನು ಬರೆಯುವವರು ನಡುವಿನ ಹಾಗೂ ಕೊನೆಯ ಅಕಾರವನ್ನು ಕೆಲವೊಮ್ಮೆ ಉಳಿಸುತ್ತಾರೆ, ಕೆಲವೊಮ್ಮೆ ಬಿಡುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದರೆ ಗೊಂದಲ ತಪ್ಪುತ್ತದೆ ಎನ್ನುವಂತೆಯೂ ಇಲ್ಲ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ‘ಗೋ’ ಅಕ್ಷರದ ಓಕಾರಕ್ಕೆ ಮೂರು ಸಂಕೇತಗಳ ರೂಪವೂ ಇದೆ. ಪರದೆಯ ಮೇಲೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಸಾಮಾನ್ಯೀಕರಣ ಮಾಡದೆ ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಅವು ಬೇರೆ ಬೇರೆ ಪದಗಳಾಗುತ್ತವೆ. ಆದ್ದರಿಂದಲೇ ಉತ್ತಮ ಸಂರಚನೆಗಳಲ್ಲಿ ಸ್ಥಳವನ್ನು ಹೆಸರಿನಿಂದಲ್ಲದೆ ಸ್ಥಿರವಾದ ಸಂಕೇತಸಂಖ್ಯೆಯಿಂದ ಗುರುತಿಸಿ, ಹೆಸರನ್ನು ಓದುಗರಿಗಾಗಿ ಪ್ರತ್ಯೇಕವಾಗಿ ಇಡಲಾಗುತ್ತದೆ.

ಅರ್ಥವನ್ನು ಯಂತ್ರವೇ ಓದುವಂತೆ ಬರೆದಿಡಲು ಹಲವು ಪ್ರಯತ್ನಗಳು ನಡೆದಿವೆ. ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿ 2020ರ ಏಪ್ರಿಲ್‌ನಲ್ಲಿ ‘ವಸ್ತು ವಿವರಣೆ’ ಎಂಬ ಮಾದರಿಯನ್ನು ಶಿಫಾರಸು ಮಾಡಿತು. ಇದರ ಪ್ರಕಾರ ಪ್ರತಿ ಸಾಧನವೂ ತನ್ನ ಗುಣಗಳು, ತಾನು ಮಾಡಬಲ್ಲ ಕ್ರಿಯೆಗಳು ಮತ್ತು ತಾನು ಪ್ರಕಟಿಸುವ ಘಟನೆಗಳನ್ನು ಪಟ್ಟಿ ಮಾಡಿದ ಒಂದು ಪರಿಚಯಪತ್ರವನ್ನು ಹೊಂದಿರುತ್ತದೆ. ಯುರೋಪಿನ ಎಟ್ಸಿ ಸಂಸ್ಥೆಯ ಎನ್‌ಜಿಎಸ್ಐ-ಎಲ್‌ಡಿ ಮಾನಕವು ನಗರದ ದತ್ತಾಂಶಗಳನ್ನು ಪರಸ್ಪರ ಸಂಬಂಧಗಳ ಸಮೇತ ವರ್ಣಿಸುತ್ತದೆ.

ಮಾನಕಗಳು

ವಿವಿಧ ದೇಶಗಳ ದೂರಸಂಪರ್ಕ ಮಾನಕ ಸಂಸ್ಥೆಗಳು ಸೇರಿ 2012ರಲ್ಲಿ ಒನ್ಎಂ2ಎಂ ಎಂಬ ಸಹಯೋಗವನ್ನು ಆರಂಭಿಸಿದವು. ನೋಂದಣಿ, ಪತ್ತೆಹಚ್ಚುವಿಕೆ, ಸಂಗ್ರಹ, ಅನುಮತಿ ಮೊದಲಾಗಿ ಎಲ್ಲ ಅನ್ವಯಗಳಿಗೂ ಬೇಕಾಗುವ ಸೇವೆಗಳನ್ನು ಒಂದು ಸಾಮಾನ್ಯ ಸೇವಾ ಪದರದಲ್ಲಿ ಇಡಬೇಕೆಂಬುದು ಅದರ ಮೂಲ ಕಲ್ಪನೆ. ಭಾರತದ ಟಿಎಸ್‌ಡಿಎಸ್ಐ ಇದರ ಪಾಲುದಾರ ಸಂಸ್ಥೆ. ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವು ಒನ್ಎಂ2ಎಂನ ಎರಡನೆಯ ಆವೃತ್ತಿಯನ್ನು ರಾಷ್ಟ್ರೀಯ ಮಾನಕವಾಗಿ ಅಂಗೀಕರಿಸಿದೆ.

ಮನೆಬಳಕೆಯ ಸಾಧನಗಳಿಗಾಗಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀ ಒಕ್ಕೂಟಗಳು 2019ರಲ್ಲಿ ಜಂಟಿ ಯೋಜನೆಯೊಂದನ್ನು ಘೋಷಿಸಿದವು. ಅದರ ಫಲವಾದ ಮ್ಯಾಟರ್ ಮಾನಕದ ಮೊದಲ ಆವೃತ್ತಿಯು 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು.

ಭಾರತದಲ್ಲಿ ಹೆಚ್ಚು ಪ್ರಚಾರವಿಲ್ಲದೆ ಉಪಯೋಗಕ್ಕೆ ಬಂದಿರುವ ಮಾನಕವೆಂದರೆ ವಿದ್ಯುತ್ ಮೀಟರುಗಳದು. ಭಾರತೀಯ ಮಾನಕ ಬ್ಯೂರೋದ ಐಎಸ್ 15959, ಮೀಟರಿನ ಒಳಗಿರುವ ಪ್ರತಿ ಮೌಲ್ಯಕ್ಕೂ ಒಂದು ಸ್ಥಿರವಾದ ಗುರುತನ್ನು ಕೊಡುತ್ತದೆ. ಇದು ಡಿಎಲ್ಎಂಎಸ್ ಎಂಬ ಅಂತರರಾಷ್ಟ್ರೀಯ ಪದ್ಧತಿಯನ್ನು ಆಧರಿಸಿದೆ. ಸ್ಮಾರ್ಟ್ ಮೀಟರುಗಳಿಗೆ ಐಎಸ್ 16444 ಅನ್ವಯಿಸುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿಯುಳ್ಳ ಹೆಸ್ಕಾಂನಂತಹ ವಿತರಣಾ ಕಂಪನಿಯು ಏಳು ಜಿಲ್ಲೆಗಳಿಗೆ ಮೀಟರುಗಳನ್ನು ಒದಗಿಸಬೇಕಾದಾಗ ಒಬ್ಬ ತಯಾರಕನಿಗೆ ಕಟ್ಟುಬೀಳದಿರಲು ಇಂತಹ ಮಾನಕವೇ ಆಧಾರವಾಗುತ್ತದೆ.

ಬೆಂಗಳೂರಿನ ದತ್ತಾಂಶ ವಿನಿಮಯ ವೇದಿಕೆ

ಈ ಕ್ಷೇತ್ರದಲ್ಲಿ ಕರ್ನಾಟಕದಿಂದ ಬಂದ ಮುಖ್ಯ ಕೊಡುಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿನ ಸಂಶೋಧಕರು 2017ರಲ್ಲಿ ಬೀದಿದೀಪದ ಕಂಬಗಳನ್ನೇ ನಗರದ ಸಂವೇದಕ ಜಾಲದ ಬೆನ್ನೆಲುಬಾಗಿ ಬಳಸುವ ಮುಕ್ತ ಪ್ರಯೋಗವೇದಿಕೆಯೊಂದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಕಂಬಕ್ಕೆ ಹೇಗೂ ವಿದ್ಯುತ್ ಇದೆ, ಎತ್ತರವಿದೆ, ಅದು ಪ್ರತಿ ಬೀದಿಯಲ್ಲಿಯೂ ಇದೆ ಎಂಬುದು ಈ ಆಯ್ಕೆಯ ಹಿಂದಿನ ಸರಳ ತರ್ಕ.

ಈ ಬಗೆಯ ಅನುಭವದ ಮುಂದುವರಿಕೆಯಾಗಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಸ್ಮಾರ್ಟ್ ಸಿಟಿ ಅಭಿಯಾನ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗಳ ಸಹಭಾಗಿತ್ವದಲ್ಲಿ ಭಾರತೀಯ ನಗರ ದತ್ತಾಂಶ ವಿನಿಮಯ ವೇದಿಕೆ ರೂಪುಗೊಂಡಿತು. ಐಯುಡಿಎಕ್ಸ್ ಎಂದು ಪರಿಚಿತವಾದ ಇದನ್ನು 2021ರ ಫೆಬ್ರುವರಿಯಲ್ಲಿ ಲೋಕಾರ್ಪಣೆ ಮಾಡಲಾಯಿತು. ಇದರ ತಂತ್ರಾಂಶವು ಮುಕ್ತ ಆಕರದ್ದು. ಅದರ ಸಂಕೇತಗಳನ್ನು ‘ಡೇಟಾ ಕಾವೇರಿ’ ಎಂಬ ಹೆಸರಿನಡಿ ಪ್ರಕಟಿಸಲಾಗಿದೆ.

ಐಯುಡಿಎಕ್ಸ್ ಎಲ್ಲ ನಗರಗಳ ದತ್ತಾಂಶವನ್ನು ಒಂದೆಡೆ ರಾಶಿ ಹಾಕುವ ಉಗ್ರಾಣವಲ್ಲ. ಅದರ ಸಂರಚನೆಯಲ್ಲಿ ಮೂರು ಮುಖ್ಯ ಅಂಗಗಳಿವೆ. ಸೂಚಿಕೆಯು ಯಾವ ದತ್ತಾಂಶ ಯಾರಲ್ಲಿದೆ, ಅದರ ಸ್ವರೂಪವೇನು ಎಂಬುದನ್ನು ಹೇಳುತ್ತದೆ. ಅನುಮತಿಯ ಸರ್ವರ್, ಕೇಳುವವರ ಗುರುತನ್ನು ಪರಿಶೀಲಿಸಿ ದತ್ತಾಂಶದ ಒಡೆಯರು ವಿಧಿಸಿದ ನಿಯಮದಂತೆ ನಿಗದಿತ ಅವಧಿಯ ಟೋಕನ್ ಕೊಡುತ್ತದೆ. ಸಂಪನ್ಮೂಲ ಸರ್ವರ್ ಆ ಟೋಕನ್ ನೋಡಿ ದತ್ತಾಂಶವನ್ನು ಒದಗಿಸುತ್ತದೆ. ಗ್ರಂಥಾಲಯದ ಸೂಚಿಕಾ ಪೆಟ್ಟಿಗೆ, ಸದಸ್ಯತ್ವದ ಚೀಟಿ ಮತ್ತು ಪುಸ್ತಕದ ಕಪಾಟುಗಳನ್ನು ನೆನೆದರೆ ಈ ವಿಭಜನೆ ಸುಲಭವಾಗಿ ತಿಳಿಯುತ್ತದೆ. ಸೂಚಿಕೆಯನ್ನು ಯಾರು ಬೇಕಾದರೂ ನೋಡಬಹುದು. ಕೆಲವು ದತ್ತಾಂಶಗಳು ಮುಕ್ತವಾಗಿವೆ, ಉಳಿದವಕ್ಕೆ ಒಡೆಯರ ಒಪ್ಪಿಗೆ ಬೇಕು. ಪುಣೆಯ ವಾಯುಗುಣಮಟ್ಟ ಮತ್ತು ಸೂರತ್‌ನ ಬಸ್ಸುಗಳ ಸಂಚಾರದ ದತ್ತಾಂಶಗಳು ಇದರಲ್ಲಿ ಮೊದಲಲ್ಲಿಯೇ ಸೇರಿದವುಗಳಲ್ಲಿವೆ. ಈ ವಿನ್ಯಾಸವನ್ನು ಭಾರತೀಯ ಮಾನಕ ಬ್ಯೂರೋ ಐಎಸ್ 18003 ಎಂಬ ಮಾನಕವಾಗಿ ಪ್ರಕಟಿಸಿದ್ದು, ಅದರ ಮೊದಲ ಭಾಗ ಸಂರಚನೆಯನ್ನೂ ಎರಡನೆಯ ಭಾಗ ಎಪಿಐಗಳನ್ನೂ ವಿವರಿಸುತ್ತದೆ. ಇದೇ ಮಾದರಿಯ ಕೃಷಿ ದತ್ತಾಂಶ ವಿನಿಮಯ ವೇದಿಕೆಯು 2023ರಲ್ಲಿ ತೆಲಂಗಾಣದಲ್ಲಿ ಆರಂಭವಾಯಿತು.

ಅವಳಿ ನಗರದಲ್ಲಿ ಸ್ಮಾರ್ಟ್ ವ್ಯವಸ್ಥೆಗಳು

ಹುಬ್ಬಳ್ಳಿ–ಧಾರವಾಡವು 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಅಭಿಯಾನಕ್ಕೆ ಆಯ್ಕೆಯಾಯಿತು. ಅಭಿಯಾನದ ಎಲ್ಲ ನಗರಗಳಲ್ಲಿರುವಂತೆ ಇಲ್ಲಿಯೂ ಸಮಗ್ರ ನಿಯಂತ್ರಣ ಕೇಂದ್ರದ ಪರಿಕಲ್ಪನೆಯು ಯೋಜನೆಯ ನಡುಭಾಗದಲ್ಲಿದೆ. ಇದಕ್ಕಿಂತ ಭಿನ್ನವಾಗಿ ಬಂದ ವ್ಯವಸ್ಥೆ ತ್ವರಿತ ಬಸ್ ಸಂಚಾರದ್ದು. ಸುಮಾರು 22 ಕಿಲೋಮೀಟರ್ ಉದ್ದದ ಪ್ರತ್ಯೇಕ ಮಾರ್ಗದಲ್ಲಿ ‘ಚಿಗರಿ’ ಬಸ್ಸುಗಳು 2018ರ ಅಕ್ಟೋಬರ್‌ನಿಂದ ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ನಡೆಯಿತು. ಸ್ಮಾರ್ಟ್ ಕಾರ್ಡ್ ಅಥವಾ ಕ್ಯೂಆರ್ ಸಂಕೇತವಿರುವ ಟಿಕೆಟ್ ಓದಿ ತೆರೆಯುವ ಗೇಟು, ಬಸ್ ಎಲ್ಲಿದೆ ಎಂದು ತಿಳಿಸುವ ಉಪಕರಣ, ನಿಲ್ದಾಣದ ಸೂಚನಾ ಫಲಕ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕಾದ ಸಾಧನಗಳು.

ಬಸ್ ಸಂಚಾರದ ದತ್ತಾಂಶಕ್ಕೆ ಜಗತ್ತಿನಾದ್ಯಂತ ಒಪ್ಪಿತವಾದ ಜಿಟಿಎಫ್ಎಸ್ ಎಂಬ ಮಾದರಿಯಿದೆ. ಮಾರ್ಗ, ನಿಲ್ದಾಣ ಮತ್ತು ವೇಳಾಪಟ್ಟಿಗಳನ್ನು ಸರಳ ಕೋಷ್ಟಕಗಳಲ್ಲಿ ಬರೆಯುವ ಈ ಮಾದರಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್‌ಗಳ ಸಹಯೋಗದಲ್ಲಿ ಹುಟ್ಟಿತು. ಅದು ತಾಂತ್ರಿಕವಾಗಿ ಸಾಧಾರಣವಾದುದು. ಎಲ್ಲರೂ ಒಪ್ಪಿಕೊಂಡದ್ದೇ ಅದರ ಶಕ್ತಿ. ನೀರು ಸರಬರಾಜಿಗೆ ಅಷ್ಟೇ ವ್ಯಾಪಕವಾಗಿ ಬಳಕೆಯಲ್ಲಿರುವ ಸರಳ ಮಾದರಿಯೊಂದು ಇನ್ನೂ ನೆಲೆಗೊಂಡಿಲ್ಲ.

ಅವಲಂಬನೆಯ ಅಪಾಯ

ಮಧ್ಯಸ್ತರವು ಒಂದೇ ಕಂಪನಿಯ ಸ್ವತ್ತಾಗಿದ್ದರೆ ಸಾಧನದ ಆಯುಷ್ಯವು ಆ ಕಂಪನಿಯ ನಿರ್ಧಾರಕ್ಕೆ ಕಟ್ಟುಬೀಳುತ್ತದೆ. ರಿವಾಲ್ವ್ ಎಂಬ ಗೃಹ ನಿಯಂತ್ರಣ ಸಾಧನದ ಸರ್ವರ್‌ಗಳನ್ನು ಅದರ ಒಡೆತನ ಹೊಂದಿದ್ದ ನೆಸ್ಟ್ ಕಂಪನಿಯು 2016ರ ಮೇ ತಿಂಗಳಲ್ಲಿ ಸ್ಥಗಿತಗೊಳಿಸಿದಾಗ, ಗ್ರಾಹಕರ ಮನೆಗಳಲ್ಲಿ ಸುಸ್ಥಿತಿಯಲ್ಲಿದ್ದ ಯಂತ್ರಗಳು ನಿರುಪಯುಕ್ತವಾದವು. ಮನೆಯೊಳಗಿನ ಕಂಪ್ಯೂಟರಿನಲ್ಲಿಯೇ ನಡೆಯುವ ಹೋಮ್ ಅಸಿಸ್ಟೆಂಟ್, ಓಪನ್‌ಹ್ಯಾಬ್ ಮುಂತಾದ ಮುಕ್ತ ತಂತ್ರಾಂಶಗಳು ಜನಪ್ರಿಯವಾಗಲು ಇಂತಹ ಘಟನೆಗಳೂ ಕಾರಣ.

ನಗರಪಾಲಿಕೆಯ ಮಟ್ಟದಲ್ಲಿ ಇದೇ ಅಪಾಯವು ಗುತ್ತಿಗೆಯ ಅವಧಿ ಮುಗಿದಾಗ ಎದುರಾಗುತ್ತದೆ. ಹೊಸ ಗುತ್ತಿಗೆದಾರನಿಗೆ ಹಳೆಯ ಮೀಟರುಗಳನ್ನು ಓದಲು ಬಾರದಿದ್ದರೆ ಸುಸ್ಥಿತಿಯಲ್ಲಿರುವ ಮೀಟರುಗಳನ್ನೂ ಕಿತ್ತು ಬದಲಿಸಬೇಕಾಗುತ್ತದೆ, ಅದರ ವೆಚ್ಚ ತೆರಿಗೆದಾರರ ಮೇಲೆ ಬೀಳುತ್ತದೆ. ಟೆಂಡರ್ ಪತ್ರದಲ್ಲಿ ಮುಕ್ತ ಮಾನಕದ ಹೆಸರನ್ನು ನಮೂದಿಸುವುದಷ್ಟೇ ಇದಕ್ಕೆ ಸಾಲದು. ದತ್ತಾಂಶದ ಒಡೆತನ ಪಾಲಿಕೆಯದೆಂದೂ ಹಳೆಯ ದತ್ತಾಂಶವನ್ನು ಓದಬಲ್ಲ ರೂಪದಲ್ಲಿ ಹಸ್ತಾಂತರಿಸಬೇಕೆಂದೂ ಗೂಢಲಿಪಿಯ ಕೀಲಿಗಳನ್ನು ಒಪ್ಪಿಸಬೇಕೆಂದೂ ಕರಾರಿನಲ್ಲಿ ಬರೆದಿರಬೇಕಾಗುತ್ತದೆ. ಕೀಲಿಯ ಷರತ್ತು ಮರೆತುಹೋಗುವುದು ಸುಲಭ. ಉಳಿದೆರಡು ಷರತ್ತುಗಳು ಇದ್ದರೂ ಕೀಲಿಯಿಲ್ಲದೆ ಮೀಟರು ಹೊಸಬರ ಮಾತು ಕೇಳುವುದಿಲ್ಲ.

ಭದ್ರತೆ ಮತ್ತು ಖಾಸಗಿತನ

2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಪ್ರವೇಶಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕ ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿನ್ ಕಂಪನಿಯ ಸರ್ವರ್‌ಗಳ ಮೇಲೆ ನಡೆದ ದಾಳಿಗೆ ಕಾರಣವಾಯಿತು. ಹಲವು ದೊಡ್ಡ ಜಾಲತಾಣಗಳು ಆ ದಿನ ಗಂಟೆಗಟ್ಟಲೆ ಸಿಗಲಿಲ್ಲ. ಪ್ರತಿ ಸಾಧನಕ್ಕೂ ಪ್ರತ್ಯೇಕ ಗುರುತು, ಸಂದೇಶಗಳಿಗೆ ಗೂಢಲಿಪಿ, ದೂರದಿಂದಲೇ ತಂತ್ರಾಂಶ ಪರಿಷ್ಕರಿಸುವ ಸೌಲಭ್ಯ ಇವು ಈಗ ಕನಿಷ್ಠ ಅಗತ್ಯಗಳೆನಿಸಿವೆ.

ಸಾಧನಗಳು ಪರಸ್ಪರ ಹೊಂದಿಕೊಂಡಷ್ಟೂ ಖಾಸಗಿತನದ ಪ್ರಶ್ನೆ ಹೆಚ್ಚು ಸೂಕ್ಷ್ಮವಾಗುತ್ತದೆ. ನೀರಿನ ಮೀಟರು ಒಂದರಿಂದ ತಿಂಗಳ ಬಿಲ್ಲಿಗಿಂತ ಹೆಚ್ಚಿನದು ತಿಳಿಯಲಾರದು. ಅದು ಗಂಟೆಗೊಮ್ಮೆ ವರದಿ ಮಾಡಿದರೆ, ಜೊತೆಗೆ ವಿದ್ಯುತ್ ಮೀಟರಿನ ಅಂಕಿಯೂ ಸೇರಿದರೆ, ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ದಿನಗಳಲ್ಲಿ ಮನೆಗೆ ಬೀಗ ಹಾಕಿರುತ್ತದೆ ಎಂಬುದನ್ನು ಊಹಿಸಬಹುದು. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023, ನಿರ್ದಿಷ್ಟ ಉದ್ದೇಶಕ್ಕಾಗಿ ಪಡೆದ ಒಪ್ಪಿಗೆಯನ್ನು ದತ್ತಾಂಶ ಬಳಕೆಯ ಮುಖ್ಯ ಆಧಾರವನ್ನಾಗಿ ಇಟ್ಟುಕೊಂಡಿದೆ. ತಂತ್ರಾಂಶದ ಮಟ್ಟದಲ್ಲಿ ಇದಕ್ಕೆ ಅನುಸರಿಸುವ ಒಂದು ಕ್ರಮವೆಂದರೆ ಮನೆ ಮನೆಯ ಅಂಕಿಗಳನ್ನು ಗೇಟ್‌ವೇಯಲ್ಲಿಯೇ ಬೀದಿಯ ಮೊತ್ತವಾಗಿ ಕೂಡಿಸಿ ಮೇಲಕ್ಕೆ ಕಳುಹಿಸುವುದು. ಸೋರಿಕೆ ಹುಡುಕುವ ಎಂಜಿನಿಯರಿಗೆ ಬೀದಿಯ ಮೊತ್ತ ಸಾಕಾಗುತ್ತದೆ. ಮನೆಯ ಅಂಕಿ ಬಿಲ್ಲಿನ ವಿಭಾಗಕ್ಕೆ ತಿಂಗಳಿಗೊಮ್ಮೆ ಮಾತ್ರ ಹೋಗುತ್ತದೆ.